ಜರ್ಮನಿಯ ಮನೆಯಲ್ಲಿ ಅಕ್ಕನಾಗಿ ಒಂದು ವರ್ಷ

ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಹೊರದೇಶದಲ್ಲಿ ಇದ್ದು ಬರಬೇಕು ಅಂತ ಆಸೆ ಇರುವವರು ಬಹಳ ಮಂದಿ. ಓದಲು ಹೋಗುವಷ್ಟು ದುಡ್ಡು ಇರೋದಿಲ್ಲ, ಕೆಲಸದ ವೀಸಾಕ್ಕೆ ಬೇಕಾದ ಅನುಭವವೂ ಇರೋದಿಲ್ಲ. ಇಂಥವರಿಗೆ ಇರುವ ಒಂದು ಸಣ್ಣ ಬಾಗಿಲು ‘ಔ ಪೇರ್’. ಈ ಫ್ರೆಂಚ್ ಮಾತಿನ ಅರ್ಥ ‘ಸರಿಸಮಾನವಾಗಿ’ ಎಂದು. ಒಂದು ಕುಟುಂಬದ ಜೊತೆ ಅವರ ಮನೆಯಲ್ಲೇ ಇದ್ದು, ಅವರ ಮಕ್ಕಳನ್ನು ನೋಡಿಕೊಳ್ಳುತ್ತಾ ಅವರ ಭಾಷೆ ಕಲಿತು ಬರುವ ವ್ಯವಸ್ಥೆ ಇದು. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರೊಂದರಲ್ಲಿ ನಾನು ಹೀಗೆ ಒಂದು ವರ್ಷ ಇದ್ದೆ.

ವಿಷಯ ಹೇಳಿದಾಗ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಎದ್ದಿದ್ದು ಎರಡು ಪ್ರಶ್ನೆ. ಅಪ್ಪ ಕೇಳಿದ್ದು, “ಪಗಾರ ಎಷ್ಟು?” ಅವ್ವ ಕೇಳಿದ್ದು, “ಇಷ್ಟೆಲ್ಲಾ ಓದಿ ಮಂದಿ ಮಕ್ಕಳನ್ನ ಆಡಸಾಕ ಹೊಂಟಿಯೇನವಾ?” ಎರಡೂ ಕೇಳಲೇಬೇಕಾದ ಪ್ರಶ್ನೆಗಳು.

ಲೆಕ್ಕ ಹೀಗಿದೆ

ಜರ್ಮನಿಯಲ್ಲಿ ಔ ಪೇರ್‌ಗೆ ಸಿಗುವುದು ಸಂಬಳ ಅಲ್ಲ, ಕೈಖರ್ಚಿನ ದುಡ್ಡು. ಈಗ ತಿಂಗಳಿಗೆ 280 ಯೂರೋ. ಅದರ ಜೊತೆಗೆ ಊಟ, ವಸತಿ, ನಿಮ್ಮದೇ ಒಂದು ಕೋಣೆ, ವಿಮೆ ಎಲ್ಲಾ ಆ ಕುಟುಂಬದ್ದು. ಭಾಷಾ ತರಗತಿಗೆ ಅಂತ ತಿಂಗಳಿಗೆ 70 ಯೂರೋ ಕೊಡಬೇಕು. ವಿಮಾನದ ಟಿಕೆಟ್ ಮಾತ್ರ ಸಾಮಾನ್ಯವಾಗಿ ನಮ್ಮದೇ.

ಕೆಲಸ ವಾರಕ್ಕೆ 30 ಗಂಟೆ, ದಿನಕ್ಕೆ 6 ಗಂಟೆ ಮೀರುವಂತಿಲ್ಲ. ವಾರಕ್ಕೆ ಒಂದೂವರೆ ದಿನ ಬಿಡುವು, ವರ್ಷಕ್ಕೆ ನಾಲ್ಕು ವಾರ ರಜೆ. ವೀಸಾಕ್ಕೆ ಅರ್ಜಿ ಹಾಕುವಾಗ ವಯಸ್ಸು 18 ತುಂಬಿರಬೇಕು, 27 ಆಗಿರಬಾರದು. ಜರ್ಮನ್ ಭಾಷೆಯ ಮೊದಲ ಹಂತ, ಅಂದರೆ ಎ1 ಮಟ್ಟ ಬರಬೇಕು. ಕನಿಷ್ಠ 6 ತಿಂಗಳು, ಹೆಚ್ಚೆಂದರೆ ಒಂದು ವರ್ಷ ಇರಬಹುದು. ಜೀವನದಲ್ಲಿ ಒಂದೇ ಸಲ ಸಿಗುವ ಅವಕಾಶ, ಎರಡನೇ ಸಲ ಔ ಪೇರ್ ಆಗಿ ಅಲ್ಲಿಗೆ ಹೋಗುವಂತಿಲ್ಲ.

ಉಳಿತಾಯ ಮಾಡಿ ಮನೆಗೆ ಕಳಿಸ್ತೀನಿ ಅನ್ನೋರಿಗೆ ಇದು ಹೇಳಿದ್ದಲ್ಲ. ಅಪ್ಪನಿಗೂ ಇದನ್ನೇ ಹೇಳಿದೆ.

ಮಣ್ಣಿನ ಪ್ಯಾಂಟು, ಹೆಣ್ಣು ಫೋರ್ಕು

ಮನೆಯಲ್ಲಿ ಐದು ವರ್ಷದ ಹುಡುಗ, ಮೂರು ವರ್ಷದ ಅವನ ತಂಗಿ. ಬೆಳಿಗ್ಗೆ ಅವರ ಡಬ್ಬಿಗೆ ಬ್ರೆಡ್, ಚೀಸ್, ಸೇಬು ತುಂಬಿ ಕಿಂಡರ್‌ಗಾರ್ಟನ್‌ಗೆ ಬಿಡುವುದು ನನ್ನ ಮೊದಲ ಕೆಲಸ. ಅಲ್ಲಿ ಬಾಗಿಲಲ್ಲೇ ಶೂ ಬಿಚ್ಚಿ ಒಳಗಿನ ಚಪ್ಪಲಿ ಹಾಕಿಸಬೇಕು. ಪ್ರತಿ ಮಗುವಿಗೂ ರಬ್ಬರ್ ಬೂಟು, ಮಳೆಯಲ್ಲಿ ಮಣ್ಣಾಡಲೆಂದೇ ಹೊಲಿದ ಪ್ಯಾಂಟು ಇರುತ್ತದೆ. ಮಳೆ ಬಂದರೂ ಮಕ್ಕಳನ್ನು ಹೊರಗೆ ಬಿಡುತ್ತಾರೆ. ಹನಿ ಬಿದ್ದರೆ ತಲೆ ಒರೆಸಲು ಓಡಿ ಬರುವ ಮನೆಯಿಂದ ಹೋದವಳಿಗೆ ಇದು ಒಗ್ಗಲು ತಿಂಗಳು ಬೇಕಾಯ್ತು.

ನನ್ನ ಜರ್ಮನ್ ಮೇಷ್ಟ್ರು ಆ ಹುಡುಗನೇ. ಆ ಭಾಷೆಯಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಮನುಷ್ಯರಿಗೂ ದೇವರಿಗೂ ಬಿಟ್ಟು ಉಳಿದದ್ದಕ್ಕೆಲ್ಲ ‘ಅದು’ ಅನ್ನುವ ಕನ್ನಡದ ನಾಲಿಗೆಗೆ ಇದು ದೊಡ್ಡ ಕಷ್ಟ. ನಾನು ತಪ್ಪು ಹೇಳಿದಾಗಲೆಲ್ಲ ಅವನು ಊಟ ನಿಲ್ಲಿಸಿ ತಿದ್ದುತ್ತಿದ್ದ. ಕ್ಲಾಸಿನಲ್ಲಿ ನಾಚಿಕೆಯಿಂದ ಬಾಯಿ ಬಿಡದವಳು ಅವನ ಮುಂದೆ ಧಾರಾಳವಾಗಿ ಮಾತಾಡಿದೆ.

ತಂಗಿ ಬೇರೆ. ಮೊದಲ ಆರು ವಾರ ಅವಳು ನನ್ನ ಕೈ ಹಿಡಿಯಲಿಲ್ಲ. ಪುಸಲಾಯಿಸುವುದನ್ನು ಬಿಟ್ಟು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ನನ್ನ ಪಾಡಿಗೆ ಚಿತ್ರ ಬಿಡಿಸುತ್ತಿದ್ದೆ. ನವೆಂಬರ್ 11ರಂದು ಸಂತ ಮಾರ್ಟಿನ್ ಹಬ್ಬಕ್ಕೆ ಮಕ್ಕಳೆಲ್ಲ ಕಾಗದದ ಲಾಟೀನು ಹಿಡಿದು ಸಂಜೆಗತ್ತಲಲ್ಲಿ ಮೆರವಣಿಗೆ ಹೋಗುತ್ತಾರೆ. ಅವತ್ತು ಕತ್ತಲಲ್ಲಿ ಅವಳ ಚಿಕ್ಕ ಕೈಗವಸು ತಾನಾಗಿ ನನ್ನ ಕೈಯೊಳಗೆ ಬಂತು. ನಾನು ಏನೂ ಆಗದವಳ ಹಾಗೆ ನಡೆದೆ.

ಬೇಸಿಗೆಯಲ್ಲಿ ಅಂಗಳದಲ್ಲಿ ಚಾಕ್‌ಪೀಸಿನಿಂದ ಕುಂಟೆಬಿಲ್ಲೆ ಮನೆ ಬರೆದೆ. ಹೊಸದೇನೋ ಕಲಿಸ್ತೀನಿ ಅಂದುಕೊಂಡರೆ ಹುಡುಗ ಕುಣಿದಾಡಿದ. ಅವರಲ್ಲೂ ಅದೇ ಆಟ, ಹೆಸರು ಮಾತ್ರ ‘ಸ್ವರ್ಗ-ನರಕ’!

ಮೂವತ್ತು ಗಂಟೆ ನಲವತ್ತಾದಾಗ

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಲಿಲ್ಲ. ಮೂರನೇ ತಿಂಗಳಿಗೆ “ಅರ್ಧ ಗಂಟೆ ನೋಡ್ಕೋತೀಯಾ?” ಅನ್ನುವ ಮಾತು ದಿನಾ ಶುರುವಾಯಿತು. ಅರ್ಧ ಗಂಟೆ ಎರಡು ಗಂಟೆ ಆಗುತ್ತಿತ್ತು. ಮಕ್ಕಳ ಬಟ್ಟೆಯ ಜೊತೆ ಮನೆಯವರೆಲ್ಲರ ಬಟ್ಟೆ ಇಸ್ತ್ರಿಗೆ ಬಂತು. ಎರಡು ಸಲ ಭಾಷೆಯ ಕ್ಲಾಸ್ ತಪ್ಪಿತು.

ಇಲ್ಲಿರುವುದೇ ಈ ವ್ಯವಸ್ಥೆಯ ತೊಡಕು. 1969ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆದ ಯುರೋಪಿನ ಔ ಪೇರ್ ಒಪ್ಪಂದವೇ ಹೇಳುವಂತೆ ಔ ಪೇರ್ ವಿದ್ಯಾರ್ಥಿಯೂ ಅಲ್ಲ, ಕೆಲಸಗಾರರೂ ಅಲ್ಲ, ಬೇರೆಯದೇ ಒಂದು ವರ್ಗ. ಮನೆಮಗಳು ಅಂದ ಮೇಲೆ ಗಂಟೆ ಎಣಿಸೋದು ಹೇಗೆ? ಎಣಿಸದೇ ಇದ್ದರೆ ಆಳಾಗದೆ ಉಳಿಯೋದು ಹೇಗೆ?

ನಾನು ಒಂದು ನೋಟ್‌ಬುಕ್ ಇಟ್ಟೆ. ಯಾವ ದಿನ, ಎಷ್ಟರಿಂದ ಎಷ್ಟರವರೆಗೆ ಎಂದು ಮೂರು ವಾರ ಬರೆದೆ. ಭಾನುವಾರ ಮಕ್ಕಳು ಮಲಗಿದ ಮೇಲೆ ಅದನ್ನು, ಒಪ್ಪಂದದ ಪ್ರತಿಯನ್ನು ಮೇಜಿನ ಮೇಲಿಟ್ಟು ಮಾತಾಡಿದೆ. ವಾರಕ್ಕೆ ನಲವತ್ತರ ಹತ್ತಿರ ಬಂದಿತ್ತು. ಮಕ್ಕಳ ತಾಯಿಯ ಮುಖ ಸಣ್ಣದಾಯಿತು, ಎರಡು ದಿನ ಮನೆ ಬಿಗಿಯಾಗಿತ್ತು. ಆಮೇಲೆ ಫ್ರಿಜ್ ಬಾಗಿಲ ಮೇಲೆ ವಾರದ ವೇಳಾಪಟ್ಟಿ ಬಂತು. ಇಸ್ತ್ರಿ ನಿಂತಿತು, ಕ್ಲಾಸಿನ ಎರಡು ಸಂಜೆಗೆ ಯಾರೂ ಕೈ ಹಾಕಲಿಲ್ಲ. ಗಂಟೆ ಎಣಿಸಿದ್ದರಿಂದ ಮಕ್ಕಳ ಮೇಲಿನ ಅಕ್ಕರೆ ಒಂದು ಗುಂಜಿಯೂ ಕಡಿಮೆ ಆಗಲಿಲ್ಲ.

ಅವ್ವನ ಪ್ರಶ್ನೆಗೆ

ಮಕ್ಕಳನ್ನು ಆಡಿಸೋದು ಸಣ್ಣ ಕೆಲಸ ಅಂತ ನಾವು ಅಂದುಕೊಂಡಿದ್ದೀವಿ. ಈಜಿನ ಮೊದಲ ಬ್ಯಾಡ್ಜ್ ‘ಕಡಲಕುದುರೆ’ಗೆ ಅಲ್ಲಿನ ಮಕ್ಕಳು ದಡದಿಂದ ನೀರಿಗೆ ಹಾರಿ 25 ಮೀಟರ್ ಈಜಬೇಕು, ಹೆಗಲುದ್ದ ನೀರಿನ ತಳದಿಂದ ಒಂದು ವಸ್ತು ಎತ್ತಿ ತರಬೇಕು. ನಮ್ಮ ಹುಡುಗ ಎರಡು ಸಲ ಸೋತ. ಪ್ರತಿ ಸಲವೂ ಬಸ್ಸಿನಲ್ಲಿ ನನ್ನ ಪಕ್ಕ ಸುಮ್ಮನೆ ಕೂತ. “ಪರವಾಗಿಲ್ಲ” ಅಂದರೆ ಅವನಿಗೆ ಸಿಟ್ಟು ಬರುತ್ತದೆ, ಏನೂ ಅನ್ನದಿದ್ದರೆ ಅಳು. “ನೀರು ತಣ್ಣಗಿತ್ತಾ?” ಅಂತ ಕೇಳಿದರೆ ಮಾತ್ರ ಮಾತಾಡುತ್ತಾನೆ. ಮೂರನೇ ಸಲ ಗೆದ್ದ. ಈಗ ಬೆಂಗಳೂರಿನ ಆಫೀಸಿನಲ್ಲಿ ಹೊಸಬರಿಗೆ ಕೆಲಸ ಕಲಿಸುವಾಗ ನನಗೆ ಉಪಯೋಗಕ್ಕೆ ಬರುವುದು ಆ ಬಸ್ ಪ್ರಯಾಣಗಳೇ.

ಸೆಪ್ಟೆಂಬರ್‌ನಲ್ಲಿ ಅವನು ಶಾಲೆಗೆ ಸೇರಿದ. ಮೊದಲ ದಿನ ಮಕ್ಕಳಿಗೆ ಮಿಠಾಯಿ, ಪೆನ್ಸಿಲ್ ತುಂಬಿದ ದೊಡ್ಡ ಕಾಗದದ ಶಂಕು ಕೊಡುವುದು ಅಲ್ಲಿನ ಪದ್ಧತಿ. ಅದನ್ನು ಅಂಟಿಸಿದ್ದು ನಾನೇ. ಎರಡು ವಾರಕ್ಕೆ ನಾನು ಹೊರಟೆ. ಹೊರಡುವ ದಿನ ಯಾವುದೆಂದು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಮಕ್ಕಳಿಗೆ ತೋರಿಸಿದ್ದೆವು. ಹೇಳದೆ ಮಾಯವಾಗುವ ದೊಡ್ಡವರನ್ನು ಮಕ್ಕಳು ಬಹಳ ದಿನ ಹುಡುಕುತ್ತಾರೆ.

ಹೋಗುವ ಯೋಚನೆ ಇದ್ದರೆ

ಒಪ್ಪಂದವನ್ನು ಸಹಿಗೆ ಮುಂಚೆ ಪೂರ್ತಿ ಓದಿ. ವಿಡಿಯೋ ಕಾಲ್‌ನಲ್ಲಿ ಅಪ್ಪ-ಅಮ್ಮನ ಜೊತೆ ಮಾತ್ರ ಅಲ್ಲ, ಮಕ್ಕಳ ಜೊತೆಗೂ ಮಾತಾಡಿ. ನಿಮ್ಮ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತದೆ ಅಂತ ಗಂಟೆ ಗಂಟೆಯಾಗಿ ಕೇಳಿ. ಹಿಂದೆ ಇದ್ದ ಔ ಪೇರ್ ಜೊತೆ ಮಾತಾಡಬಹುದಾ ಅಂತ ಕೇಳಿ. ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವ ಮನೆಯಾದರೆ ಬೇರೆ ಮನೆ ನೋಡಿ. ಸಂಬಂಧ ಕೆಟ್ಟರೆ ಮನೆ ಬದಲಿಸಲು ಅವಕಾಶ ಇದೆ, ಯಾರ ಮೂಲಕ ಹೋಗುತ್ತೀರೋ ಅವರ ಹತ್ತಿರ ಆ ದಾರಿಯನ್ನು ಮೊದಲೇ ತಿಳಿದುಕೊಳ್ಳಿ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಗೆ ಜಾಗ ಇರಲಿ, ಜೊತೆಗೆ ಒಂದು ನೋಟ್‌ಬುಕ್ಕಿಗೂ.