ಅಪ್ಪು ಮುಖ ಬರೆಯಲು ಹೋಗಿ ನಾನು ಪಟ್ಟ ಪಾಡು!

ನಾಲ್ಕು ಅಡಿ ಎತ್ತರದ ಪ್ಲೈವುಡ್ ಹಲಗೆ. ಅದರ ಮೇಲೆ ಎನಾಮೆಲ್ ಬಣ್ಣದಲ್ಲಿ ಪುನೀತ್ ರಾಜ್‌ಕುಮಾರ್ ಮುಖ. ಬರೆದ ಮಹಾನುಭಾವ ಬೇರಾರೂ ಅಲ್ಲ, ಈ ಲೇಖನ ಬರೆಯುತ್ತಿರುವವನೇ! ಮುಚ್ಚಿದ್ದ ಬಟ್ಟೆ ಸರಿಸಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಮುಂದಿದ್ದ ಹುಡುಗನೊಬ್ಬ ಪಕ್ಕದವನನ್ನು ಕೇಳಿದ:

"ಯಾರ್ಲಾ ಇದು?"

ನಂಬಿ ಮಿತ್ರರೇ, ಪಕ್ಕದಲ್ಲೇ ಇದ್ದ ಕೆ.ಆರ್.ಎಸ್. ನಾಲೆಗೆ ಹಾರಿಬಿಡೋಣ ಅನ್ನಿಸಿತು.

2021ರ ಅಕ್ಟೋಬರ್ 29ರಂದು ಅಪ್ಪು ಹೋದರು. ವಯಸ್ಸು ಬರೀ 46. ಶ್ರದ್ಧಾಂಜಲಿಗೆ ನಮ್ಮ ಹುಡುಗರು ಫ್ಲೆಕ್ಸ್ ಹಾಕಿಸೋಣ ಅಂದರು. "ಬೇಡ, ಕೈಯಲ್ಲೇ ಬರೀತೀನಿ" ಅಂತ ಜಂಬ ಕೊಚ್ಚಿದವನು ನಾನು. ಪಿಯುಸಿ ಅರ್ಧಕ್ಕೇ ಬಿಟ್ಟವನಿಗೆ ಇದ್ದ ಹೆಮ್ಮೆ ಅದೊಂದೇ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದ ಹೀರೋಗಳ ಮುಖ ನೋಡಿ ನಾಲ್ಕು ಜನ ಭೇಷ್ ಅಂದಿದ್ದರು. ಅದನ್ನೇ ನಂಬಿಕೊಂಡಿದ್ದೆ. ಕೊನೆಗೆ ರಾತ್ರೋರಾತ್ರಿ ಫ್ಲೆಕ್ಸ್ ಬಂತು. ನನ್ನ ಹಲಗೆ ದನದ ಕೊಟ್ಟಿಗೆ ಹಿಂದೆ ಸೇರಿತು. ಆರು ತಿಂಗಳು ಬ್ರಷ್ ಮುಟ್ಟಲಿಲ್ಲ.

ಆ ಹಲಗೆಯನ್ನು ಹೊರಗೆ ಎಳೆಸಿದವರು ನಮ್ಮ ಕಡೆಯ ಹಳೇ ಪೇಂಟರಣ್ಣ. ಒಂದು ಕಾಲಕ್ಕೆ ಟೆಂಟ್ ಸಿನಿಮಾಗೆ ಬಟ್ಟೆ ಬ್ಯಾನರ್ ಬರೆದವರು. ಫ್ಲೆಕ್ಸ್ ಬಂದ ಮೇಲೆ ಟ್ರ್ಯಾಕ್ಟರ್ ನಂಬರು, ಅಂಗಡಿ ಬೋರ್ಡು.

"ಒಸಿ ತಲೆಕೆಳ್ಗೆ ಮಾಡ್ಲಾ" ಅಂದರು.

ಮಾಡಿದೆ. ಅಯ್ಯೋ ಶಿವನೇ! ನೆಟ್ಟಗಿದ್ದಾಗ ಕಾಣದ ತಪ್ಪೆಲ್ಲ ಹಲ್ಲು ಕಿರಿಯುತ್ತಿತ್ತು. ಕಣ್ಣುಗಳು ಎಲ್ಲೋ ಮೇಲೆ, ಹಣೆಯೇ ಇಲ್ಲ. ಅಪ್ಪು ನಕ್ಕರೆ ಕೆನ್ನೆ ಮೇಲೇರಿ ಕಣ್ಣು ಕಿರಿದಾಗುತ್ತಲ್ಲ, ನನ್ನ ಅಪ್ಪು ತುಟಿಯಲ್ಲಿ ಮಾತ್ರ ನಗುತ್ತಿದ್ದರು.

"ನೆತ್ತಿಯಿಂದ ಗದ್ದಕ್ಕೆ ಅಳತೆ ಹಿಡಿ. ಕಣ್ಣು ಸರಿಯಾಗಿ ಅರ್ಧಕ್ಕೆ ಬರ್ಬೇಕು. ಹೊಸಬರೆಲ್ಲ ಇದೇ ತಪ್ಪು ಮಾಡೋದು. ಮುಖ ನೋಡ್ತೀರಿ, ತಲೆ ಮರೀತೀರಿ."

ಆಮೇಲೆ ಬ್ಯಾನರ್ ಬರೆಯೋ ಗುಟ್ಟು ಹೇಳಿಕೊಟ್ಟರು. ಫೋಟೋ ಮೇಲೆ ಸಣ್ಣ ಚೌಕ, ಹಲಗೆ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ. ಫೋಟೋದ ಚೌಕದಲ್ಲಿ ಗೆರೆ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತೋ, ಹಲಗೆಯಲ್ಲೂ ಅಲ್ಲೇ. "ಅಪ್ಪುನ ಬರೀಬ್ಯಾಡ ಕಣ್ಲಾ, ಚೌಕ ಬರಿ" ಅಂದರು.

ನಾನು ಮುಖ ಸಣ್ಣಗೆ ಮಾಡಿಕೊಂಡು "ಬುಡಣ್ಣ, ನಂಗಿದು ಬರಲ್ಲ" ಅಂದೆ. ಅದಕ್ಕೆ ಅವರು ಬೀಡಿ ಹಚ್ಚುತ್ತಾ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ:

"ಎರಡ್ವರ್ಷದ ಹಿಂದೆ ಇದನ್ನೇ ಬರೆದಿದ್ರೆ ಕುಣಿದಾಡ್ತಿದ್ದೆ. ಈಗ ನೋಡಿದ್ರೆ ಹೊಟ್ಟೆ ಉರೀತೈತೆ. ಯಾಕೇಳು? ಕಣ್ಣು ಮುಂದಕ್ಕೋಗೈತೆ, ಕೈ ಹಿಂದೆ ಉಳ್ಕಂಡೈತೆ."

ಕಣ್ಣು ಮುಂದೆ, ಕೈ ಹಿಂದೆ!

ಅವತ್ತಿನಿಂದ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್. ಈ ಪತ್ರಿಕೆ ಕೊಳ್ಳುವ ಬಸ್ ಸ್ಟ್ಯಾಂಡಿನಲ್ಲೇ ಕೂತು ಒಮ್ಮೆ ಬರೆದು ನೋಡಿ, ಕಷ್ಟ ಗೊತ್ತಾಗುತ್ತೆ. ಪಾಂಡವಪುರದ ಬಸ್ ಬಂತೆಂದರೆ ನಿಮ್ಮ ಮಾಡೆಲ್ ಮಾಯ! ಅರ್ಧ ನಿಮಿಷದಲ್ಲಿ ಬೆನ್ನಿನ ಬಾಗು, ಚೀಲ ಹಿಡಿದ ಕೈ ಹಿಡಿಯಬೇಕು. ಹಿಂದೆ ನಿಂತು ಇಣುಕುವವರ ಕಾಟ ಬೇರೆ. ಅಜ್ಜಿಯೊಬ್ಬರು ನನ್ನ ಪುಸ್ತಕ ಕಿತ್ತುಕೊಂಡು "ನನ್ ಮೂಗು ಇಷ್ಟು ದಪ್ಪ ಐತೇನಪ್ಪಾ?" ಅಂತ ಕೇಳಿಯೇಬಿಟ್ಟರು. ಇನ್ನು ಬೃಂದಾವನದ ಕಾರಂಜಿ? ಎಷ್ಟು ಸಾರಿ ಬರೆದರೂ ಶಾವಿಗೆ ಸುರಿದ ಹಾಗೇ ಬರುತ್ತೆ. ಇವತ್ತಿಗೂ ಬಂದಿಲ್ಲ, ಸುಳ್ಳು ಯಾಕೆ ಹೇಳಲಿ.

ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ದರಿಯಾ ದೌಲತ್‌ಗೆ ನುಗ್ಗುತ್ತೇನೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಅರಮನೆ. ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ. ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಸಿಡಿಯುವ ಮದ್ದಿನ ಬಂಡಿ, ಸಾಲುಸಾಲು ಕುದುರೆ. ನಮ್ಮ ಯಾವ ಸಿನಿಮಾದ ಕ್ಲೈಮ್ಯಾಕ್ಸಿಗೂ ಕಮ್ಮಿ ಇಲ್ಲ! ಒಂದೇ ಕುದುರೆಯನ್ನು ಕಣ್ತುಂಬ ನೋಡಿ, ತೋಟಕ್ಕೆ ಬಂದು ನೆನಪಿನಿಂದ ಬರೆಯುತ್ತೇನೆ. ಕಾಲು ಎಲ್ಲಿ ಮಡಿಚುತ್ತೆ ಅನ್ನೋದೇ ಮರೆತುಹೋಗಿರುತ್ತೆ. ಮತ್ತೆ ಒಳಗೆ, ಮತ್ತೆ ಹೊರಗೆ. ಅಂದಹಾಗೆ ಆ ಗೋಡೆಯೂ ಒಂದೇ ಏಟಿಗೆ ಆದದ್ದಲ್ಲ. 1799ರ ಮುತ್ತಿಗೆಗೆ ಮೊದಲೇ ಅಳಿಸಿಹೋಗಿದ್ದ ಚಿತ್ರಗಳನ್ನು ವೆಲ್ಲೆಸ್ಲಿ ಮತ್ತೆ ಬರೆಸಿದ. ಮುಂದೆ ಡಾಲ್‌ಹೌಸಿ ಕಾಲದಲ್ಲಿ ಇನ್ನೊಮ್ಮೆ ತಿದ್ದಿಸಿದರು.

ನಮ್ಮ ಪಕ್ಕದ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕಥೆ ಗೊತ್ತಲ್ಲ? ಮನೆಯ ಕಿಟಕಿಯಿಂದ ಕಾಣೋ ಕಾಗೆ, ಸೌದೆ ಒಡೆಯೋ ಆಳು, ಒಣಗಿದ ಕಡ್ಡಿ, ಹಲ್ಲಿ, ಎಲ್ಲವನ್ನೂ ಗೀಚುತ್ತಿದ್ದ ಹುಡುಗ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಇಲ್ಲ ಎಂಬ ಉತ್ತರ ಬಂತು! ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತಾ ಗೀಚುವುದನ್ನು ಮುಂದುವರಿಸಿದರು. ಅದೇ ಮುಂಬಯಿಯ ಪತ್ರಿಕೆಯಲ್ಲಿ 1951ರಿಂದ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯ ದಶಕಗಳ ಕಾಲ ದಿನಾ ಕಾಣಿಸಿಕೊಂಡ. ನಮ್ಮ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದಾಗ ಅದಕ್ಕೆ ರೇಖಾಚಿತ್ರ ಬೇಕಾಯಿತು. ಬರೆದುಕೊಟ್ಟವರು ಇವರೇ. ಲಕ್ಷ್ಮಣ್ ಎಲ್ಲಿ, ನಾನೆಲ್ಲಿ! ಆದರೂ ಆ ಉತ್ತರ ಬಂದ ದಿನ ಆ ಹುಡುಗ ಪೆನ್ಸಿಲ್ ಎಲ್ಲಿಟ್ಟಿದ್ದನೋ ಅಂತ ಯೋಚಿಸುತ್ತಿರುತ್ತೇನೆ.

ಅದೇ ಪ್ಲೈವುಡ್ಡಿಗೆ ಬಿಳಿ ಬಣ್ಣ ಹೊಡೆದು ನಾಲ್ಕನೇ ಸಲ ಅಪ್ಪುವನ್ನು ಬರೆದಿದ್ದೇನೆ. ಹೋದ ವಾರ ಶಾಲೆ ಬಿಟ್ಟು ಬರುತ್ತಿದ್ದ ಹುಡುಗಿಯೊಬ್ಬಳು ಗೇಟಿನ ಹತ್ತಿರ ನಿಂತು, "ಅಣ್ಣಾ, ಇದು ಅಪ್ಪು ಅಲ್ವಾ?" ಅಂದಳು.

ನನಗೆ ಮಾತು ಹೊರಡಲಿಲ್ಲ. ತಲೆಯಾಡಿಸಿದೆ.

"ಕಿವಿ ಯಾಕಣ್ಣ ಕೆಳಗೈತೆ?"

ದೂರ ನಿಂತು ನೋಡಿದೆ. ನಿಜ. ಎಡಗಿವಿ ಒಂದು ಬೆರಳಷ್ಟು ಕೆಳಗಿದೆ. ಬಣ್ಣ ಇನ್ನೂ ಹಸಿ ಇತ್ತು. ಸೀಮೆಎಣ್ಣೆ ಚಿಂದಿ ಹುಡುಕಲು ಒಳಗೆ ಹೋದೆ.