ಎಪ್ಪತ್ತೆರಡರ ಗಡಿ

ಹಳೇ ಮೈಸೂರು ಸೀಮೆಯ ಒಂದು ಹಾಲಿನ ಡೇರಿ. ಬೆಳಗಿನ ಪಾಳಿಗೆ ಇನ್ನೂ ಹೊತ್ತಿದೆ. ನೆಲವೆಲ್ಲ ಒದ್ದೆ, ಮೂಗಿಗೆ ಕಾಸ್ಟಿಕ್ ಸೋಡಾದ ಘಾಟು. ಸ್ಟೀಲ್ ಪ್ಲೇಟುಗಳನ್ನು ಒತ್ತೊತ್ತಾಗಿ ಬಿಗಿದ ಪಾಶ್ಚರೈಸರಿನಲ್ಲಿ ಈಗ ಹರಿಯುತ್ತಿರುವುದು ಹಾಲಲ್ಲ, ಬರೀ ನೀರು.

ಹಾಲು ಕನಿಷ್ಠ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇರಲೇಬೇಕು. ಕಾವು ಅದಕ್ಕಿಂತ ಇಳಿದರೆ ಡೈವರ್ಷನ್ ವಾಲ್ವ್ ಟಪ್ಪೆಂದು ಹೊರಳಿ ಹಾಲನ್ನು ಬ್ಯಾಲೆನ್ಸ್ ಟ್ಯಾಂಕಿಗೆ ವಾಪಸ್ ಅಟ್ಟುತ್ತದೆ. ಸೆಟ್ ಪಾಯಿಂಟ್ 74. ಪರದೆಯ ಹಸಿರು ಗೆರೆ ಮಾತ್ರ 77ಕ್ಕೆ ಏರುತ್ತದೆ, 71ಕ್ಕೆ ಜಾರುತ್ತದೆ, ಮತ್ತೆ ಏರುತ್ತದೆ.

"ಹಂಟಿಂಗ್ ನಿಲ್ತಾನೇ ಇಲ್ಲ ಸಾರ್. ಗೇನ್ ಇನ್ನೂ ಇಳಿಸ್ಲಾ?" ಟ್ರೈನಿ ಹುಡುಗನ ಬೆರಳು ಕೀಲಿಯ ಮೇಲೇ ಇದೆ.

"ನಂಬರ್ ಮುಟ್ಬೇಡ ಕಣಪ್ಪ. ಮೊದ್ಲು ಮ್ಯಾನ್ಯುಯಲ್‌ಗೆ ಹಾಕು," ಎಂದರು ಜೊತೆಗಿದ್ದ ಹಿರಿಯರು.

ಹಾಕಿದ್ದೇ ತಡ, ಗೆರೆ ತಣ್ಣಗಾಯಿತು. ಅಂದರೆ ಕಾಟ ಹೊರಗಿನದಲ್ಲ, ಕಂಟ್ರೋಲ್ ಲೂಪಿನೊಳಗೇ ಇದೆ. ಇಬ್ಬರೂ ಸ್ಟೀಮ್ ವಾಲ್ವಿನ ಬಳಿ ಹೋದರು. ಸಿಗ್ನಲ್ಲನ್ನು 40ರಿಂದ 42ಕ್ಕೆ, 44ಕ್ಕೆ ಏರಿಸಿದರೂ ಕಡ್ಡಿ ಅಲುಗಲಿಲ್ಲ. 46ಕ್ಕೆ ಒಮ್ಮೆಲೇ ಜಿಗಿಯಿತು. ಸೋರಿಕೆ ನಿಲ್ಲಿಸಲೆಂದು ಯಾರೋ ಗ್ಲ್ಯಾಂಡ್ ನಟ್ಟನ್ನು ಅತಿಯಾಗಿ ಬಿಗಿದಿದ್ದರು. ಸ್ಟೀಮ್ ಮುಚ್ಚಿ ನಟ್ಟನ್ನು ಕಾಲು ಸುತ್ತು ಸಡಿಲಿಸಿದ ಮೇಲೆ ಕಡ್ಡಿ ಹೇಳಿದಷ್ಟು ಸರಿಯತೊಡಗಿತು.

ಟ್ಯೂನಿಂಗ್ ಶುರುವಾದದ್ದು ಆಮೇಲೆಯೇ. ಕಂಟ್ರೋಲರಿನ ಮೂರು ಭಾಗಗಳಲ್ಲಿ 'ಪಿ' ಈಗಿನ ವ್ಯತ್ಯಾಸ ನೋಡಿ ವಾಲ್ವ್ ತಿರುವುತ್ತದೆ. 'ಐ' ಇಲ್ಲಿಯವರೆಗೆ ಉಳಿದ ಬಾಕಿಯನ್ನು ಕೂಡಿಟ್ಟು ವಸೂಲು ಮಾಡುತ್ತದೆ. 'ಡಿ' ಕಾವು ಏರುವ ವೇಗ ಕಂಡು ಮುಂಚೆಯೇ ಕೈ ಹಿಡಿಯುತ್ತದೆ. ತೊಡಕಿರುವುದು ತಡದಲ್ಲಿ. ಸ್ಟೀಮು ನೀರನ್ನು ಕಾಯಿಸಿ, ಆ ನೀರು ಹಾಲನ್ನು ಕಾಯಿಸಿ, ಸೆನ್ಸರಿಗೆ ಸುದ್ದಿ ಮುಟ್ಟುವುದು ನಿಧಾನ. ಹಂಡೆ ಕಾಯಲಿಲ್ಲವೆಂದು ಒಲೆಗೆ ಕಟ್ಟಿಗೆ ತುರುಕುತ್ತಲೇ ಇದ್ದರೆ ಕೊನೆಗೆ ನೀರು ಕೊತಕೊತ ಕುದಿಯುವುದಿಲ್ಲವೇ, ಹಾಗೆ.

ಐ, ಡಿ ಎರಡನ್ನೂ ತೆಗೆದು, ಗೆರೆ ಒಂದೇ ಅಳತೆಯಲ್ಲಿ ತೂಗುವವರೆಗೆ ಗೇನ್ ಏರಿಸಿದರು. ಒಂದು ತೂಗಿಗೆ 40 ಸೆಕೆಂಡು. ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಕೊಟ್ಟ ಲೆಕ್ಕದಂತೆ ಆ ಗೇನಿನ 0.6 ಪಾಲು ಪಿಗೆ, ಅವಧಿಯ ಅರ್ಧ, ಅಂದರೆ 20 ಸೆಕೆಂಡು, ಐಗೆ, ಎಂಟನೇ ಒಂದು, 5 ಸೆಕೆಂಡು, ಡಿಗೆ.

"ಈ ಲೆಕ್ಕ ಸ್ವಲ್ಪ ಬಿರುಸು. ಗುರಿ ದಾಟಿ ಹಾರುತ್ತೆ," ಎಂದ ಹಿರಿಯರು ಗೇನನ್ನು ಅರ್ಧಕ್ಕಿಳಿಸಿ ಸೆಟ್ ಪಾಯಿಂಟನ್ನು 75 ಮಾಡಿದರು. ಗೆರೆ ಏರಿತು, ತುಸು ದಾಟಿತು, ಬಂದು ಕೂತಿತು. ಮತ್ತೆ 74ಕ್ಕೆ ಇಳಿಸಿ ಹಾಲು ಬಿಟ್ಟರು.

ಹುಡುಗ ಲಾಗ್ ಬುಕ್ ತೆರೆದು ಹೊಸ ಸಂಖ್ಯೆಗಳನ್ನು ಬರೆಯಲು ಹೊರಟಾಗ ಹಿರಿಯರು ತಡೆದರು. "ಮೊದಲನೇ ಸಾಲಲ್ಲಿ ಗ್ಲ್ಯಾಂಡ್ ಸಡಿಲಿಸಿದ್ದು ಬರಿ. ನಂಬರ್ ಎಲ್ಲಾ ಅದರ ಕೆಳಗೆ."