ಬೆನ್ನಿನ ಇಂಜೆಕ್ಷನ್: ಯಾವ ನೋವಿಗೆ, ಎಷ್ಟು ದಿನಕ್ಕೆ?

ಮೈಸೂರಿನಲ್ಲಿ ಹುಣಸೂರು ರಸ್ತೆಯೂ ವರ್ತುಲ ರಸ್ತೆಯೂ ಕೂಡುವ ಹಿನಕಲ್‌ನಲ್ಲಿ ಬೆಳಿಗ್ಗೆ ಒಂದರ್ಧ ಗಂಟೆ ನಿಂತರೆ, ಸೊಂಟದ ಬಲದಿಂದಲೇ ಅನ್ನ ಸಂಪಾದಿಸುವವರೆಲ್ಲ ಕಣ್ಣಿಗೆ ಬೀಳುತ್ತಾರೆ. ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ಪಾಳಿಯಿಡೀ ನಿಲ್ಲುವವರು, ಕಂಪ್ಯೂಟರ್ ಮುಂದೆ ಕೂತೇ ದಿನ ಕಳೆಯುವವರು, ಆಟೊ ಓಡಿಸುವವರು, ಗಾರೆ ಕೆಲಸದವರು, ನಾಲ್ಕಾರು ಮನೆಗಳ ನೆಲ ಒರೆಸಲು ವಿಜಯನಗರದ ಕಡೆ ನಡೆಯುವ ಹೆಂಗಸರು. ಇವರಲ್ಲಿ ಯಾರಿಗಾದರೂ ನೋವು ಸೊಂಟದಿಂದ ಕಾಲಿಗೆ ಇಳಿದರೆ ಮೊದಲು ಮುಲಾಮು, ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ, ನಡುವೆ ಉಳುಕು ತೆಗೆಯುವವರು. ಕೊನೆಗೊಂದು ಎಂಆರ್‌ಐ. "ಡಿಸ್ಕು ಜಾರಿ ನರ ಒತ್ತಿದೆ, ಬೆನ್ನಿಗೊಂದು ಇಂಜೆಕ್ಷನ್ ಕೊಡೋಣ" ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಎರಡು ಬಣ. "ಸಿಸೇರಿಯನ್‌ನಲ್ಲಿ ಬೆನ್ನಿಗೆ ಚುಚ್ಚಿದಾಗಿಂದ ನನ್ನ ಸೊಂಟ ಸರಿಯಿಲ್ಲ, ನೀನು ಒಪ್ಕೋಬೇಡ" ಎನ್ನುವ ಅತ್ತಿಗೆ ಒಂದು ಕಡೆ. "ಒಂದೇ ಇಂಜೆಕ್ಷನ್‌ಗೆ ನಮ್ಮ ಭಾವ ಎದ್ದು ಓಡಾಡಿದ್ರು" ಎನ್ನುವ ಪಕ್ಕದ ಮನೆಯವರು ಇನ್ನೊಂದು ಕಡೆ.

ಅತ್ತಿಗೆಯ ಭಯವನ್ನು ಮೊದಲು ನೋಡಬೇಕು. ಏಕೆಂದರೆ ನಮ್ಮ ಕಡೆ ಬಹಳ ಹೆಂಗಸರು ಆ ಭಯದಲ್ಲೇ ನರಳುತ್ತ ಕೂರುತ್ತಾರೆ. ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ಕೊಡುವುದು ಸ್ಪೈನಲ್ ಅರಿವಳಿಕೆ. ತೆಳ್ಳನೆಯ ಸೂಜಿ ಬೆನ್ನುಹುರಿಯ ಪೊರೆಯನ್ನು ದಾಟಿ ಒಳಗಿನ ದ್ರವಕ್ಕೆ ಔಷಧಿ ಬಿಡುತ್ತದೆ, ಕೆಲವು ಗಂಟೆ ಸೊಂಟದ ಕೆಳಗೆ ಜೋಮು ಹಿಡಿಯುತ್ತದೆ. ಎಪಿಡ್ಯೂರಲ್ ಎಂಬ ಇನ್ನೊಂದು ಬಗೆಯಲ್ಲಿ ಸೂಜಿ ಆ ಪೊರೆಯ ಹೊರಗೇ ನಿಲ್ಲಬೇಕು. ಹೆರಿಗೆ ನೋವು ತಗ್ಗಿಸಲು ಅಲ್ಲಿ ಅರಿವಳಿಕೆ ಬಿಡುತ್ತಾರೆ. ಕಾಲಿಗೆ ಇಳಿದ ನೋವಿಗಾದರೆ ಸ್ಟೀರಾಯ್ಡ್ ಬಿಡುತ್ತಾರೆ; ಡಾಕ್ಟರು ಹೇಳಿದ ಇಂಜೆಕ್ಷನ್ ಇದೇ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ಆದರೆ ಹೆರಿಗೆಯಲ್ಲಿ ಎಪಿಡ್ಯೂರಲ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ದೀರ್ಘಕಾಲದ ಸೊಂಟನೋವಿನ ವ್ಯತ್ಯಾಸ ಕಂಡಿಲ್ಲ. ಒಂಬತ್ತು ತಿಂಗಳ ಭಾರ, ಸಡಿಲಗೊಂಡ ಕಟ್ಟುಗಳು, ಬಗ್ಗಿ ಬಗ್ಗಿ ಮಗುವನ್ನು ಎತ್ತುವುದು, ನಿದ್ದೆಗೆಟ್ಟ ರಾತ್ರಿಗಳು: ಬಾಣಂತಿಯ ಸೊಂಟ ನೋಯಲು ಇಷ್ಟು ಸಾಕು. ಆಕೆಯ ನೋವು ಸುಳ್ಳಲ್ಲ, ಆದರೆ ತಪ್ಪು ಸೂಜಿಯದಲ್ಲ.

ಈಗ ಪಕ್ಕದ ಮನೆಯವರ ಮಾತು. ಈ ಚಿಕಿತ್ಸೆ ಹೊಸದಲ್ಲ. 1901ರಲ್ಲಿ ಪ್ಯಾರಿಸ್ಸಿನಲ್ಲಿ ಜೀನ್ ಸಿಕಾರ್ ಮತ್ತು ಫರ್ನಾಂಡ್ ಕ್ಯಾಥಲಿನ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ, ಬೆನ್ನುಮೂಳೆಯ ತಳದ ಸಂದಿನಿಂದ ಕೊಕೇನ್ ದ್ರಾವಣವನ್ನು ಪೊರೆಯ ಹೊರಗಿನ ಈ ಜಾಗಕ್ಕೆ ಹಾಯಿಸಿದರು. ಸ್ಟೀರಾಯ್ಡ್ ಸೇರಿದ್ದು 1950ರ ದಶಕದಲ್ಲಿ. ಅದರ ಹಿಂದಿನ ತರ್ಕ ಸರಳ. ಡಿಸ್ಕಿನ ಒಳಗಿನ ಮೆತ್ತನೆಯ ತಿರುಳು ಹೊರಬಂದಾಗ ನರದ ಬೇರನ್ನು ಒತ್ತುವುದಷ್ಟೇ ಅಲ್ಲ, ಅಲ್ಲಿ ಉರಿಯೂತವನ್ನೂ ಎಬ್ಬಿಸುತ್ತದೆ. ಪಿರ್ರೆಯಿಂದ ತೊಡೆ, ಮೀನಖಂಡ ದಾಟಿ ಹೆಬ್ಬೆರಳವರೆಗೆ ಕರೆಂಟು ಹೊಡೆದಂತೆ ಆಗುವುದಕ್ಕೆ ಆ ಉರಿಯೂತದ ಪಾಲೂ ದೊಡ್ಡದು. ಸ್ಟೀರಾಯ್ಡ್ ತಗ್ಗಿಸುವುದು ಅದನ್ನೇ. ಜಾರಿದ ಡಿಸ್ಕನ್ನು ಅದು ಒಳಕ್ಕೆ ತಳ್ಳುವುದಿಲ್ಲ.

ಹಾಗಾದರೆ ಡಿಸ್ಕಿನ ಗತಿಯೇನು? ಇದನ್ನು ನಾನು ಎಲ್ಲರಿಗೂ ಕೂಗಿ ಹೇಳಬೇಕೆಂದಿರುವೆ: ಹೊರಬಂದ ತಿರುಳನ್ನು ಬಹುಪಾಲು ಮಂದಿಯಲ್ಲಿ ದೇಹವೇ ನಿಧಾನವಾಗಿ ಕರಗಿಸುತ್ತದೆ. ಹೆಚ್ಚಿನವರ ಕಾಲುನೋವು ಆರರಿಂದ ಹನ್ನೆರಡು ವಾರಗಳಲ್ಲಿ ತಗ್ಗುತ್ತದೆ. ಇಂಜೆಕ್ಷನ್ ಕೊಡಿಸುವುದು ಆ ವಾರಗಳ ನಡುವೆ ಒಂದಿಷ್ಟು ಉಸಿರಾಡುವ ಬಿಡುವನ್ನು ಮಾತ್ರ. ರಾತ್ರಿ ಮಗ್ಗುಲು ಬದಲಿಸಲಾಗದೆ ಅಳುವವರಿಗೆ, ಕೂಲಿಗೆ ಹೋಗದಿದ್ದರೆ ಒಲೆ ಉರಿಯದ ಮನೆಯವರಿಗೆ ಆ ಬಿಡುವು ಚಿಕ್ಕದೇನಲ್ಲ. ಆದರೂ ಲೆಕ್ಕ ತಿಳಿದಿರಲಿ. 2020ರಲ್ಲಿ ಕಾಕ್ರೇನ್ ಸಂಸ್ಥೆ 25 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಹುಸಿ ಚಿಕಿತ್ಸೆಗೆ ಹೋಲಿಸಿದರೆ ಮೊದಲ ಕೆಲವು ವಾರಗಳಲ್ಲಿ ಕಾಲುನೋವು 100 ಅಂಕದ ಅಳತೆಯಲ್ಲಿ ಸರಾಸರಿ 5ರಷ್ಟು ಮಾತ್ರ ಹೆಚ್ಚು ಇಳಿದಿತ್ತು. ಸರಾಸರಿಯೊಳಗೆ ಚೆನ್ನಾಗಿ ಗುಣ ಕಂಡವರೂ ಇದ್ದಾರೆ, ಏನೂ ಆಗದವರೂ ಇದ್ದಾರೆ. ಪಕ್ಕದ ಮನೆಯ ಭಾವ ಎದ್ದು ಓಡಾಡಿದ್ದು ಸೂಜಿಯಿಂದಲೋ ಕಾಲ ಕಳೆದದ್ದರಿಂದಲೋ ಯಾರೂ ಹೇಳಲಾರರು.

ಕಾಲಿಗೆ ಇಳಿಯದ, ಬರೀ ಸೊಂಟದಲ್ಲೇ ಇರುವ ಹಳೆಯ ನೋವಿಗೆ ಇದು ಒಗ್ಗುವ ಔಷಧಿಯಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಎಪಿಡ್ಯೂರಲ್ಲನ್ನು ಈಚೆಗೆ ಶುರುವಾದ ತೀವ್ರ ಸಯಾಟಿಕಾಕ್ಕೆ, ಅಂದರೆ ಕಾಲಿಗೆ ಇಳಿಯುವ ನರದ ನೋವಿಗೆ, ಪರಿಗಣಿಸಬಹುದು ಎಂದಿತು. ಬೆನ್ನಿನ ನಾಳ ಕಿರಿದಾಗಿ ನಡೆದಾಗ ಕಾಲು ಸೋಲುವ ವಯಸ್ಸಾದವರಿಗೆ ಬೇಡ ಎಂದಿತು. ನಾಳ ಕಿರಿದಾದ 400 ರೋಗಿಗಳ ಅಮೆರಿಕದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸ್ಟೀರಾಯ್ಡ್ ಸೇರಿಸಿದ್ದರಿಂದ, ಬರೀ ಅರಿವಳಿಕೆಗಿಂತ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಎಂಆರ್‌ಐ ವರದಿಯಲ್ಲಿ "ಡಿಸ್ಕ್ ಬಲ್ಜ್" ಎಂದು ಕಂಡ ಮಾತ್ರಕ್ಕೆ ಹೆದರಿ ಒಪ್ಪಿಕೊಳ್ಳುವುದೂ ಬೇಡ. ಯಾವ ನೋವೂ ಇಲ್ಲದ 20ರ ಹರೆಯದವರಲ್ಲೇ ಶೇ 30ರಷ್ಟು, 80 ದಾಟಿದವರಲ್ಲಿ ಶೇ 84ರಷ್ಟು ಮಂದಿಗೆ ಅದು ಕಾಣುತ್ತದೆ. ಚಿತ್ರದಲ್ಲಿ ಒತ್ತಿದ ನರವೂ ನೋಯುವ ಕಾಲೂ ಒಂದಕ್ಕೊಂದು ಹೊಂದಬೇಕು.

ಅಪಾಯ ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಔಷಧಾಲಯದಲ್ಲಿ ತಯಾರಾದ ಸ್ಟೀರಾಯ್ಡ್‌ನಲ್ಲಿ ಶಿಲೀಂಧ್ರ ಸೇರಿ, 60ಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2014ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಇಂಜೆಕ್ಷನ್‌ನಿಂದ ಅಪರೂಪಕ್ಕೆ ಪಾರ್ಶ್ವವಾಯು, ದೃಷ್ಟಿನಾಶ, ಸಾವು ಕೂಡ ಸಂಭವಿಸಬಹುದೆಂದು ಎಚ್ಚರಿಸಿತು. ಹೀಗಾಗಿ ಶುದ್ಧವಾದ ಆಪರೇಷನ್ ಥಿಯೇಟರಿನಲ್ಲಿ, ಸಿ-ಆರ್ಮ್ ಎಕ್ಸ್‌ರೇಯಲ್ಲಿ ಸೂಜಿಯ ತುದಿ ನೋಡುತ್ತ, ಇದರಲ್ಲಿ ಪಳಗಿದವರೇ ಕೊಡಬೇಕು. ಸೂಜಿ ಹಾಕುವವರು ಯಾರು, ಎಕ್ಸ್‌ರೇ ನೋಡಿಕೊಂಡು ಹಾಕುತ್ತೀರಾ, ಕೆಲಸ ಮಾಡದಿದ್ದರೆ ಮುಂದೇನು ಎಂದು ಕೇಳುವುದು ಉದ್ಧಟತನವಲ್ಲ. "ಮೂರು ಇಂಜೆಕ್ಷನ್ ಕೋರ್ಸ್" ಎಂದು ಮೊದಲೇ ಕಟ್ಟುಮಾಡಿ ದುಡ್ಡು ಕಟ್ಟಿಸಿಕೊಳ್ಳುವುದನ್ನು ನಾನು ಒಪ್ಪಲಾರೆ. ಮೊದಲನೆಯದು ಏನು ಮಾಡಿತೆಂದು ನೋಡದೆ ಎರಡನೆಯದರ ಮಾತೇಕೆ?

ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಇರುವ ಮನೆಗಳು ಬಹಳ. ಸ್ಟೀರಾಯ್ಡ್ ಹೋದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಮನೆಯಲ್ಲೇ ಪರೀಕ್ಷಿಸುತ್ತಿರಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಲೂಬಾರದು.

ಇಂಜೆಕ್ಷನ್ ಬೇಕೋ ಬೇಡವೋ ಎಂದು ಯೋಚಿಸುತ್ತ ಕೂರಬಾರದ ಸಂದರ್ಭವೂ ಇದೆ. ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಸಂದಿ, ಗುದದ ಸುತ್ತ ಸ್ಪರ್ಶವೇ ತಿಳಿಯದಿದ್ದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ನರಗಳ ಗೊಂಚಲೇ ಒತ್ತಡಕ್ಕೆ ಸಿಕ್ಕಿರಬಹುದು. ಆಗ ಬೇಕಾಗುವುದು ಸೂಜಿಯಲ್ಲ, ತುರ್ತು ಶಸ್ತ್ರಚಿಕಿತ್ಸೆಯೇ ಇರಬಹುದು. ಹಿನಕಲ್‌ನಿಂದ ನಗರದ ದೊಡ್ಡಾಸ್ಪತ್ರೆ ದೂರವೇನಲ್ಲ. ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಹೊರಡಬೇಕು.